ಚೆಲ್ಲಿದ ಉಪ್ಪಿಟ್ಟು

ಗೋವಿನಜೋಳದ ರವೆ ಹುರಿಯುವ ವಾಸನೆ ಎಲ್ಲಿ ಬಂದರೂ ನಾನು ಇಂದಿಗೂ ಅಲ್ಲಿ ನಿಲ್ಲುವುದಿಲ್ಲ.

ಬಾಂಗ್ಲಾ ಯುದ್ಧ ನಡೆಯುತ್ತಿತ್ತು. ಬೈಲಹೊಂಗಲದ ಹತ್ತಿರದ ನಮ್ಮೂರ ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದಿಂದ ಬಂದ ರವೆಯ ಉಪ್ಪಿಟ್ಟು ಕೊಡುತ್ತಿದ್ದರು. ಹಳದಿ ಬಣ್ಣ, ಒರಟು ಕಾಳು, ನಾಲಿಗೆಗೆ ಅಂಟುವ ಎಣ್ಣೆ. ನನ್ನ ತಂಗಿ ಶಾಲೆಗೆ ಬರುತ್ತಿದ್ದುದೇ ಅದಕ್ಕಾಗಿ.

ಅಂದು ಉಪ್ಪಿಟ್ಟು ಒಲೆಯಿಂದ ಇಳಿಯುವ ಹೊತ್ತಿಗೆ ಹೆಡ್‌ಮಾಸ್ತರರು ರೇಡಿಯೋ ಸುದ್ದಿ ಕೇಳಿ ಕೆಂಪಾಗಿ ಹೊರಬಂದರು.

"ಅಮೆರಿಕದವರು ನಮ್ಮ ಮ್ಯಾಲೆ ಯುದ್ಧದ ಹಡಗ ಕಳಿಸ್ಯಾರ. ಅವರ ಕೂಳು ನಮಗ ಬ್ಯಾಡ, ಚೆಲ್ರಿ! ದೇಶದ ಸಲುವಾಗಿ ಒಂದಿನ ಉಪಾಸ ಇದ್ರ ಯಾರೂ ಸಾಯೂದಿಲ್ಲ."

ಅಡುಗೆಯವಳು ಬೋಗುಣಿಯನ್ನು ಬೇಲಿಯಾಚೆ ಬೋರಲು ಹಾಕಿದಳು. ಹುಡುಗರೆಲ್ಲ ಜೈಕಾರ ಹಾಕುತ್ತ ಊಟಕ್ಕೆ ಮನೆಗೆ ಓಡಿದರು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಒಲೆ ಹಚ್ಚುವವರಿರಲಿಲ್ಲ. ತಂಗಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಹಬೆಯಾಡುವ ಉಪ್ಪಿಟ್ಟಿಗೆ ಬಾಯಿ ಹಾಕಲಾರದೆ ನಾಯಿಗಳು ಸುತ್ತ ಕಾಯುತ್ತಿದ್ದವು.

ಸಂಜೆ ಕೂಲಿಯಿಂದ ಬಂದ ಅಜ್ಜಿ ತಂಗಿಯನ್ನು ನೋಡಿ ಕೇಳಿದಳು, "ಇದ್ಯಾಕ ಹಿಂಗ ಅಳಾಕ ಹತ್ತೈತಿ?"

ನಾನು ಎಲ್ಲ ಹೇಳಿದೆ.

"ಮಾಸ್ತರು ಉಂಡ್ರೇನು?"

"ಉಂಡ್ರು. ಮನಿಯಿಂದ ಬುತ್ತಿ ಬಂದಿತ್ತು."

ಅಜ್ಜಿ ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಒಣರೊಟ್ಟಿಯನ್ನು ಮುರಿದು ನಮ್ಮಿಬ್ಬರ ಕೈಗಿಟ್ಟಳು.

"ತಿನ್ರಿ. ಯುದ್ಧ ಗೆಲ್ಲಬೇಕಲ್ಲ," ಎಂದಳು.