ಬೀಳದ ಕೋಟೆ

“ಕೋಟೆ ಬಿತ್ತಂತೆ” ಎಂದು ಗಂಡನ ಗೆಳೆಯ ಲ್ಯಾನ್ಸ್‌ಲಾಟ್ ಟೀವಿಯ ಧ್ವನಿ ಏರಿಸಿದಾಗ ಸ್ಟೆಲ್ಲಾ ಅಡುಗೆಮನೆಯಲ್ಲಿ ಕೋಳಿ ಸುಕ್ಕ ಹುರಿಯುತ್ತಿದ್ದಳು. ಅದು ಎರಡು ಸಾವಿರನೇ ಇಸವಿಯ ಈಸ್ಟರ್. ಕತಾರಿನ ಅಲ್ ವಕ್ರಾದ ಆ ಫ್ಲ್ಯಾಟಿನಲ್ಲಿ ಮಗಳು ಜೆಸಿಕಾ ಮೊದಲ ಪರಮಪ್ರಸಾದ ಪಡೆದ ಫಸ್ಟ್ ಕಮ್ಯುನಿಯನ್ ಊಟ. ಪಕ್ಕದಲ್ಲಿ ಇಡ್ಲಿಯಂಥ ಸನ್ನಾ ಬೇಯಿಸುತ್ತಿದ್ದ ಮನೆಗೆಲಸದ ಸೋಮಾವತಿ ಲಂಕೆಯವಳು. ಟೀವಿಯ ಇಂಗ್ಲಿಷಿನಲ್ಲಿ ‘ಎಲಿಫೆಂಟ್ ಪಾಸ್’ ಎಂಬ ಆ ಕೋಟೆಯ ಹೆಸರು ಕೇಳಿದ್ದೇ ಅವಳ ಕೈ ನಿಂತಿತು. ಅವಳ ಮಗ ಪ್ರಿಯಂತ ಅಲ್ಲಿ ಸರಕಾರಿ ಸೇನೆಯ ಸಿಪಾಯಿ.

ಹೋದ ತಿಂಗಳು ಅವನು ರಜೆಯ ಮೇಲೆ ಊರಿಗೆ ಬಂದಿದ್ದ. “ಸರ್, ನನ್ನ ಪಾಸ್‌ಪೋರ್ಟ್ ಕೊಡಿ. ನಾನು ಹೋಗಿ ಕಾಲು ಹಿಡಿದರೆ ಅವನು ತಿರುಗಿ ಯುದ್ಧಕ್ಕೆ ಹೋಗುವುದಿಲ್ಲ” ಎಂದು ಸೋಮಾ ಹರಕು ಹಿಂದಿಯಲ್ಲಿ ಬೇಡಿಕೊಂಡಿದ್ದಳು. ಸ್ಟೆಲ್ಲಾಳ ಗಂಡ ಕಾಸ್ಮಿರ್ ಮಗಳ ಅಟ್ಲಾಸ್ ಬಿಡಿಸಿ ಪಾಠ ಹೇಳಿದ್ದ. “ನೋಡು, ಜಾಫ್ನಾದ ಬಾಗಿಲು ಇದು. ಈ ಕೋಟೆ ಯಾರ ಕೈಯಲ್ಲುಂಟೋ ಜಾಫ್ನಾ ಅವರದ್ದು. ಇಷ್ಟು ಮುಖ್ಯವಾದ ಜಾಗ ಸರಕಾರ ಬಿಟ್ಟುಕೊಡ್ತದಾ? ಇಡೀ ಲಂಕೆಯಲ್ಲಿ ಇದಕ್ಕಿಂತ ಭದ್ರ ಜಾಗ ಇಲ್ಲ. ಬೇಬಿಯ ಕಮ್ಯುನಿಯನ್ ಮುಗಿಯಲಿ, ನಾನೇ ಕಳಿಸ್ತೇನೆ.”

“ಊಟ ಹೋಟೆಲಿನಿಂದ ತರಿಸುವ. ಅವಳನ್ನು ಬಿಡಿ” ಎಂದಿದ್ದಳು ಸ್ಟೆಲ್ಲಾ.

“ನಿನಗೆಂತ ಗೊತ್ತುಂಟು ಯುದ್ಧದ ವಿಷಯ?” ಎಂದು ಅವನು ಅಟ್ಲಾಸ್ ಮಡಚಿಟ್ಟಿದ್ದ.

ಈಗ ಸೋಮಾ ಹಿಟ್ಟಿನ ಕೈಯಲ್ಲೇ ಹಾಲ್‌ನ ಬಾಗಿಲಲ್ಲಿ ನಿಂತಿದ್ದಳು.

“ಬೀಳುವುದೇ ಇಲ್ಲ ಅಂದಿದ್ರಲ್ಲ ನೀವು?” ಲ್ಯಾನ್ಸ್‌ಲಾಟ್ ಗೆಳೆಯನನ್ನು ಕೆಣಕಿದ.

“ಬಿದ್ದದ್ದಲ್ಲ ಮಾರಾಯ, ಸೇನೆ ಹಿಂದೆ ಸರಿದದ್ದು. ನೀರಿನ ಬಾವಿ ಕೈತಪ್ಪಿದ ಮೇಲೆ ಎಂತ ಮಾಡುವುದು?” ಕಾಸ್ಮಿರ್ ಟೀಪಾಯಿಯ ಮೇಲೆ ಗ್ಲಾಸುಗಳನ್ನು ಸರಿಸಿ ಗೋಡಂಬಿಯ ತಟ್ಟೆ ನಡುವಿಗೆ ಎಳೆದ. “ಇದು ಜಾಫ್ನಾ ಅಂತ ಇಟ್ಟುಕೊ. ಸೋಮಾ, ಸ್ವಲ್ಪ ಐಸ್ ತಾ.”

ಸ್ಟೆಲ್ಲಾ ಒಲೆ ಆರಿಸಿದಳು. ಬೆಡ್‌ರೂಮಿನ ಕಪಾಟಿನಿಂದ ಸೋಮಾಳ ಪಾಸ್‌ಪೋರ್ಟ್ ತಂದು ಅವನ ಜಾಫ್ನಾದ ಮೇಲೆಯೇ ಬಡಿದಳು. ಗೋಡಂಬಿ ನೆಲಕ್ಕೆಲ್ಲ ಚೆಲ್ಲಿತು.

“ಇವಳು ದೇಶ ಬಿಡುವ ಎಕ್ಸಿಟ್ ಪರ್ಮಿಟ್‌ಗೆ ನಾಳೆಯೇ ಸೈನ್ ಹಾಕಿ. ಇಲ್ಲದಿದ್ರೆ ಇವಳೊಟ್ಟಿಗೆ ನಾನೂ ಲಂಕೆಯ ಎಂಬಸಿಯಲ್ಲಿ ಹೋಗಿ ಕೂತುಕೊಳ್ತೇನೆ.”

“ಜನ ಬರುವ ಹೊತ್ತಿಗೆ ಎಂತ ಇದು, ಸ್ಟೆಲ್ಲಾ?”

“ಬಂದವರು ತಿರುಗಿ ಹೋಗಲಿ. ಊಟ ಖಲಾಸ್.” ಮದುವೆಯಾದಂದಿನಿಂದ ಅವನೆದುರು ಅವಳು ಹೀಗೆ ನಿಂತದ್ದಿಲ್ಲ.

ಕಾಸ್ಮಿರ್ ಲ್ಯಾನ್ಸ್‌ಲಾಟನ ಮುಖ ನೋಡಿದ. ಅವನು ಬಗ್ಗಿ ಗೋಡಂಬಿ ಹೆಕ್ಕುತ್ತಿದ್ದ. ಕೊನೆಗೆ ಕಾಸ್ಮಿರನೇ ಪಾಸ್‌ಪೋರ್ಟ್ ಎತ್ತಿ ಸೋಮಾಳತ್ತ ಚಾಚಿದ. “ತಕೊ. ನಾಳೆಯೇ ಕಳಿಸ್ತೇನೆ, ಆಯ್ತಲ್ಲ?”

ಸೋಮಾ ಕೈ ನೀಡಲಿಲ್ಲ.

“ಈಗ ಯಾಕೆ ಸರ್?” ಎಂದಳು. “ನನಗೆ ಹೋಗಬೇಕಿದ್ದದ್ದು ಅವನು ಮನೆಯಲ್ಲಿದ್ದಾಗ.”