ನೂರು ವರ್ಷದ ಎಣ್ಣೆ

"ಈ ಎಣ್ಣೆಗೆ ನೂರು ವರ್ಷ ಆಗಿದೆ," ಎಂದ ತಮ್ಮ, ಅಕ್ಕನ ಬಾಣಲೆಯ ಕಡೆ ಕೈ ತೋರಿಸಿ. ಬೆನ್ನ ಹಿಂದೆ ನಿಂತಿದ್ದ ಗುಂಪು ಒಂದೇ ಬಾಯಲ್ಲಿ "ಅಬ್ಬಾ!" ಎಂದಿತು. ಹಳೇ ಪೇಟೆ ತೋರಿಸುವುದು ಅವನ ಕಸುಬು. ಸಂಜೆಯಾದರೆ ಊರು ನೋಡಲು ಬಂದವರನ್ನು ಹಿಂಡು ಕಟ್ಟಿಕೊಂಡು ಬೀಗದ ಅಂಗಡಿಗಳ ಸಾಲು, ಟೋಪಿ ಅಂಗಡಿಗಳ ಸಾಲು ಸುತ್ತಿಸಿ, ದೀಪ ಹತ್ತಿದ ಮೇಲೆ ತಿಂಡಿ ಬೀದಿಯಲ್ಲಿ ತಿನ್ನಿಸಿ, ಕೊನೆಗೆ ಹಾಡು ಕುಣಿತದ ಬಾರಿನ ಬಾಗಿಲಿಗೆ ಬಿಟ್ಟು ಬರುತ್ತಾನೆ. ಟೋಪಿ ಸಾಲಿನಲ್ಲಿ ಯಾರೂ ಟೋಪಿ ಕೊಳ್ಳುವುದಿಲ್ಲ. ದಾರಿಯುದ್ದಕ್ಕೂ ಇವನೇ ಹಾಕುತ್ತಾ ಬರುತ್ತಾನಲ್ಲ!

ಈ ಸಲ ಮಾತ್ರ ತಪ್ಪು ಅರ್ಧ ಅವನದು, ಅರ್ಧ ಬೋರ್ಡಿನದು. ಹೊಸದಾಗಿ ಬರೆಸಿದ ಬೋರ್ಡು ಸಣ್ಣದು, ಬರೆದವನ ಅಕ್ಷರ ದಪ್ಪ. 'ನೂರು ವರ್ಷದ ಎಣ್ಣೆ' ಎನ್ನುವಷ್ಟರಲ್ಲಿ ಮೇಲಿನ ಸಾಲು ಮುಗಿದುಹೋಗಿ, 'ಬಾಣಲೆ ಅಂಗಡಿ' ಎನ್ನುವುದು ಕೆಳಕ್ಕೆ ಬಿದ್ದಿತ್ತು.

"ಬಾಣಲೆ ಕಣೋ ನೂರು ವರ್ಷದ್ದು! ತಾತಂದು!" ಅಕ್ಕ ಸೌಟು ಎತ್ತಿ ಕೂಗಿದಳು. "ಎಣ್ಣೆ ಇವತ್ತು ಬೆಳಿಗ್ಗೆ ಸುರಿದಿದ್ದು!"

"ಸುಮ್ನಿರಕ್ಕ, ಹೊಟ್ಟೆ ಮೇಲೆ ಹೊಡೀಬೇಡ," ಎಂದು ಪಿಸುಗುಟ್ಟಿದ ತಮ್ಮ, ಗುಂಪಿನ ಕಡೆ ತಿರುಗಿ ಹಲ್ಲು ಬಿಟ್ಟ. "ಮನೆತನದ ಗುಟ್ಟು ನೋಡಿ. ಕೇಳಿದ್ರೆ ಹಿಂಗೇ ಅಂತಾಳೆ."

ಕನ್ನಡಕದ ಹೆಂಗಸೊಬ್ಬಳು ಕರಿದ ಆಲೂಗಡ್ಡೆಯ ಬಿಲ್ಲೆ ಕಚ್ಚಿ ಕಣ್ಣು ಮುಚ್ಚಿದಳು. "ಯುದ್ಧದ ಕಾಲದ ರುಚಿ ಬರ್ತಾ ಇದೆ ರೀ." ಅವಳ ಗಂಡ ಸೋಲುವವನಲ್ಲ. ತಾನೂ ಒಂದು ಕಚ್ಚಿ, "ನಂಗೆ ಅದಕ್ಕೂ ಹಿಂದಿಂದು ಬಂತು," ಎಂದ.

ಮರುದಿನ ಸಂಜೆ ಅಂಗಡಿ ಮುಂದಿನ ಸಾಲು ಬೀದಿಯ ತಿರುವು ದಾಟಿತ್ತು. ಆದರೆ ಮೂಟೆ ಹೊರುವವರು ಕೂರುವ ಬೆಂಚು ಖಾಲಿ. ಊರು ನೋಡಲು ಬಂದವರು ಇವತ್ತು ಬಂದು ನಾಳೆ ಹೋಗುವವರು. ವರ್ಷವಿಡೀ ಅಂಗಡಿಯ ಒಲೆ ಉರಿಯುವುದು ಈ ಬೆಂಚಿನವರಿಂದ. ಅಪ್ಪನ ಕಾಲದಿಂದ ಒಂದು ಸಂಜೆಯೂ ತಪ್ಪಿಸದ ಮೂಟೆಯಣ್ಣ ಕೂಡ ಎದುರಿನ ಬ್ರೆಡ್ ಅಂಗಡಿಯಲ್ಲಿ ಒಣ ಬ್ರೆಡ್ಡು ಜಗಿಯುತ್ತಾ ನಿಂತಿದ್ದ. ಅಕ್ಕ ರಸ್ತೆ ದಾಟಿ ಹೋದಳು.

"ಏನಣ್ಣ, ನನ್ನ ಮೇಲೆ ಕೋಪಾನಾ?"

"ಕೋಪ ಅಲ್ಲ ತಂಗಿ, ಹೊಟ್ಟೆ ತೊಳಸ್ತಿದೆ. ಇಷ್ಟು ವರ್ಷ ಅದೇ ಎಣ್ಣೇಲಿ ಕರಿದು ಹಾಕಿದ್ಯಲ್ಲ ನಮಗೆ! ನಿಮ್ಮತ್ತಿಗೆ ರಾತ್ರಿ ಚಾಪೆ ಬೇರೆ ಹಾಸಿದ್ಲು. ನಿನ್ನ ಹೊಟ್ಟೇಲಿ ಮೂರು ತಲೆಮಾರಿನ ಎಣ್ಣೆ ಇದೆ, ದೀಪದ ಹತ್ರ ಮಲಗ್ಬೇಡ ಅಂತಾಳೆ."

"ನಿನ್ನೆ ಮಿಕ್ಕಿದ್ದನ್ನ ಇವತ್ತು ಮುಟ್ಟೋಳಲ್ಲ ನಾನು! ದಿನಾ ರಾತ್ರಿ ಸೋಪು ಮಾಡೋನು ಡಬ್ಬ ತಂದು ಒಯ್ಯೋದು ನೀನು ನೋಡಿಲ್ವಾ?"

"ನೋಡಿದೀನಿ. ಆದ್ರೆ ಬೋರ್ಡಲ್ಲಿ ಬರೆದೈತಲ್ಲ ತಂಗಿ. ಬರೆದದ್ದು ಸುಳ್ಳಾಗುತ್ತಾ?"

ಅಷ್ಟರಲ್ಲಿ ಕ್ಯಾಮೆರಾ ಹಿಡಿದವನೊಬ್ಬ ಮೂಟೆಯಣ್ಣನ ಭುಜ ತಟ್ಟಿ, "ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೋಗೆ ಅಡ್ಡ ಬರ್ತಿದೀರಿ," ಎಂದ. ಹಳೆಯದು ಎಂದರೆ ಗೋಡೆಯ ಬಿರುಕಿಗೂ ಕೈ ಮುಗಿಯುವ ಜನ ಇವರು. ಅದೇ ಬೀದಿಯಲ್ಲಿ ಮೂಟೆ ಹೊತ್ತು ಹೊತ್ತು ಬಾಗಿದ ಬೆನ್ನು ಮಾತ್ರ ಇವರಿಗೆ ಅಡ್ಡ!

ಮೂರನೆಯ ಸಂಜೆ ಅಕ್ಕ ಒಲೆ ಹಚ್ಚಲಿಲ್ಲ. ತಮ್ಮ ತನ್ನ ಗುಂಪಿನೊಂದಿಗೆ ಬರುವವರೆಗೆ ಕಾದಳು. ರಸ್ತೆಯಾಚೆ ಬ್ರೆಡ್ಡು ಹಿಡಿದು ನಿಂತಿದ್ದ ಮೂಟೆಯಣ್ಣನನ್ನು "ಅಣ್ಣಾ, ಕಣ್ಣು ಬಿಟ್ಕೊಂಡು ನೋಡು!" ಎಂದು ಕೂಗಿದವಳೇ, ಬಾಣಲೆಯ ಎರಡೂ ಕಿವಿ ಹಿಡಿದೆತ್ತಿ, ಬೆಳಿಗ್ಗೆ ಸುರಿದ ಎಣ್ಣೆಯನ್ನೆಲ್ಲ ಚರಂಡಿಗೆ ಬಗ್ಗಿಸಿಬಿಟ್ಟಳು. ನೀರಿನಷ್ಟು ತಿಳಿಯಾದ ಎಣ್ಣೆ.

ಗುಂಪಿನಲ್ಲಿ ಯಾರೋ ಸತ್ತಂತೆ ಕೂಗೆದ್ದಿತು. ತಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೆ ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ. ಅವನು ಎದೆ ಮೇಲೆ ಕೈಯಿಟ್ಟು ಗದ್ಗದ ದನಿ ತೆಗೆದ. "ಬಂಧುಗಳೇ, ನೂರು ವರ್ಷದಲ್ಲಿ ಮೊದಲನೇ ಸಲ ಈ ಬಾಣಲೆ ಬರಿದಾಗಿದೆ. ಅದನ್ನ ಕಣ್ಣಾರೆ ಕಂಡ ಪುಣ್ಯವಂತರು ನೀವು!"

ಚಪ್ಪಾಳೆ ಬಿತ್ತು. ಆ ರುಚಿಗೆಂದೇ ಊರಿಗೆ ಹೋಗುವುದನ್ನು ಮುಂದೂಡಿ ಮತ್ತೆ ಬಂದಿದ್ದ ಕನ್ನಡಕದ ಹೆಂಗಸು ನೀರಿನ ಬಾಟಲಿ ಖಾಲಿ ಮಾಡಿಕೊಂಡು ಚರಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಅವಳ ಗಂಡ ಕರವಸ್ತ್ರ ಅದ್ದಿದ. ಉಳಿದವರು ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. "ಮೇಲಿಂದು ಮಾತ್ರ ತಗೊಳ್ರೀ, ತಳದಲ್ಲಿ ಚರಂಡಿ ನೀರಿರುತ್ತೆ," ಎಂದು ತಿಳಿದವನೊಬ್ಬ ಬುದ್ಧಿ ಹೇಳಿದ.

ಅಕ್ಕ ಆ ಕಡೆ ತಿರುಗಿಯೂ ನೋಡಲಿಲ್ಲ. ಬಾಣಲೆಯನ್ನು ಸೋಪು ಹಚ್ಚಿ ತಿಕ್ಕಿ ತೊಳೆದಳು, ಒರೆಸಿದಳು. ರಸ್ತೆ ದಾಟಿ ಬಂದ ಮೂಟೆಯಣ್ಣನ ಕೈಗೇ ಹೊಸ ಎಣ್ಣೆ ಡಬ್ಬ ಕೊಟ್ಟು ಮುಚ್ಚಳ ಒಡೆಸಿದಳು. ಅವನು ಮೂಸಿ ನೋಡಿದ, ಬೆರಳಿಗೆ ಹಚ್ಚಿಕೊಂಡು ದೀಪಕ್ಕೆ ಹಿಡಿದು ನೋಡಿದ. "ಹೊಸದೇ," ಎಂದು ಒಪ್ಪಿ, ತನ್ನ ಬೆಂಚಿನ ಮೇಲೆ ಕೂತ. ಅಕ್ಕನಿಗೆ ಹೋದ ಜೀವ ಬಂತು. ಎಂದಿಗಿಂತ ತೆಳ್ಳಗೆ ಆಲೂಗಡ್ಡೆ ಹೆಚ್ಚಿ, ಹೊಂಬಣ್ಣ ಬರುವಂತೆ ಕರಿದು, ಬಿಸಿಬಿಸಿ ತಟ್ಟೆಯನ್ನು ಅವನ ಮುಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಳು.

ಮೂಟೆಯಣ್ಣ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಜಗಿದ. ಇನ್ನೊಂದು ಹಾಕಿಕೊಂಡ. ಚರಂಡಿಯ ಸುತ್ತ ಬಾಗಿದ್ದ ಬೆನ್ನುಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ದನಿ ತಗ್ಗಿಸಿ ಹೇಳಿದ:

"ಬೇಜಾರು ಮಾಡ್ಕೋಬೇಡ ತಂಗಿ... ಆ ಹಳೇ ಎಣ್ಣೆ ರುಚೀನೇ ಬೇರೆ."