ಅಮ್ಮ ಮುರಿದ ರೆಂಬೆ

ಅಂಗಳದಲ್ಲಿ ಹರಡಿದ ಕಾಫಿ ಹಣ್ಣಿನ ಹುಳಿ ವಾಸನೆ ಮೂಗಿಗೆ ಬಡಿದರೆ, ಬಾಳೂರಿನ ತೋಟದ ಆ ಮಧ್ಯಾಹ್ನ ಈಗಲೂ ನನ್ನೆದುರು ಬಂದು ನಿಲ್ಲುತ್ತದೆ.

ಅಮ್ಮ ಅಲ್ಲಿ ಹಣ್ಣು ಕೊಯ್ಯಲು ಹೋಗುತ್ತಿದ್ದಳು. ಶಾಲೆಗೆ ರಜೆಯಾದ್ದರಿಂದ ಅಂದು ನಾನೂ ಜೊತೆಗಿದ್ದೆ. ಎತ್ತರದ ರೆಂಬೆಯೊಂದನ್ನು ಬಗ್ಗಿಸುವಾಗ ಅದು ಬುಡದಿಂದಲೇ ಸೀಳಿ ಅವಳ ಕೈಗೆ ಬಂತು. ಅದರ ತುಂಬ ಹಸಿರು ಕಾಯಿಗಳಿದ್ದವು. ಗಿಡ ಮುರಿದವರನ್ನು ಕೆಲಸದಿಂದ ಬಿಡಿಸುತ್ತಿದ್ದರು. ಅಮ್ಮ ಸುತ್ತ ನೋಡಿ, ಅದನ್ನು ತರಗೆಲೆಯಡಿ ತಳ್ಳಿ, ನನಗೆ ಸುಮ್ಮನಿರುವಂತೆ ಕಣ್ಸನ್ನೆ ಮಾಡಿದಳು.

ಊಟದ ಹೊತ್ತಿಗೆ ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ ಆ ರೆಂಬೆ ಸಿಕ್ಕಿತು. ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದ ಗಿರಿಜಕ್ಕನೇ ಮುರಿದಳೆಂದುಕೊಂಡು ಅವರು ಅವಳ ಮೇಲೆ ಹಾರಾಡಿದರು.

"ನಾಳೆಯಿಂದ ಬರ್ಬೇಡ ನೀನು!"

"ದೇವ್ರಾಣೆ ನಾನಲ್ಲ ಮೇಸ್ತ್ರಿಗಳೇ," ಎಂದು ಗಿರಿಜಕ್ಕ ಅಳತೊಡಗಿದಳು.

ಬುತ್ತಿ ಬಿಚ್ಚಿ ಶಿಲುಬೆ ಗುರುತು ಹಾಕಲು ಎತ್ತಿದ ಅಮ್ಮನ ಕೈ ಹಣೆಯಲ್ಲೇ ನಿಂತಿತು. "ಪಿತನ..." ಎಂದು ಪ್ರಾರ್ಥನೆ ಶುರುಮಾಡಿದವಳು ಮುಂದೆ ಹೇಳಲಾರದೆ ಎದ್ದು ನಿಂತಳು.

"ಮುರ್ದಿದ್ದು ನಾನು. ಮುಚ್ಚಿಟ್ಟಿದ್ದೂ ನಾನೇ."

"ಯಾರೂ ನೋಡಿರ್ಲಿಲ್ವಲ್ಲೇ ಮಾರಾಯ್ತಿ!" ಮೇಸ್ತ್ರಿ ತಲೆ ಕೆರೆದುಕೊಂಡರು. "ಎರಡು ದಿನ ಈ ಕಡೆ ಮುಖ ಹಾಕ್ಬೇಡ. ಆಮೇಲೆ ಬಾ."

ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅಮ್ಮನತ್ತ ತಿರುಗಿದಳು. "ನಾನು ಅಷ್ಟೊತ್ತು ಬೈಸ್ಕೊಳ್ಳೋವಾಗ ನೀನು ಬುತ್ತಿ ಬಿಚ್ತಾ ಕೂತಿದ್ಯಲ್ಲೇ?"

ಅಮ್ಮ ಬಿಚ್ಚಿದ ಬುತ್ತಿಯನ್ನು ಉಣ್ಣದೆ ಹಾಗೇ ಕಟ್ಟಿದಳು.

ಸಂಜೆ ಮನೆಯಲ್ಲಿ ಮಂಡಿಯೂರಿದಾಗ ನಾನೇ ಪ್ರಾರ್ಥನೆ ಹೇಳಿದೆ. "ಅಮ್ಮನ ಕೆಲಸ ಉಳಿಸಿದ್ದಕ್ಕೆ ಪ್ರಭುವೇ, ನಿನಗೆ ಸ್ತೋತ್ರ."

ಅಮ್ಮ ಆಮೆನ್ ಅನ್ನಲಿಲ್ಲ.